ಕಮ್ಮಟ ಮತ್ತು ಅನುಭವಗದ್ಯ: ಪ್ರವಾಸಕಥನ, ಆತ್ಮಕಥನಗಳ ಕಲಿಕೆಯ ಪ್ರಶ್ನೆ

ಕಮ್ಮಟವೆಂದರೆ ಮೂಲತಃ ನಾಣ್ಯಗಳಿಗೆ ಅಚ್ಚೊತ್ತುವ ಟಂಕಸಾಲೆ. ಬರವಣಿಗೆಯ ತರಬೇತಿ ಶಿಬಿರಕ್ಕೂ ಇಂದು ಇದೇ ಹೆಸರು ರೂಢಿಯಲ್ಲಿದೆ. ಒಂದೇ ಅಚ್ಚು ನಾಣ್ಯಕ್ಕೆ ಗುಣವಾದರೆ ಪ್ರವಾಸಕಥನ, ಆತ್ಮಕಥನಗಳಿಗೆ ದೋಷ. ಆದುದರಿಂದ ಈ ಪ್ರಕಾರಗಳನ್ನು ಕಮ್ಮಟದಲ್ಲಿ ಕಲಿಸಬಹುದೇ ಎಂಬ ಪ್ರಶ್ನೆ ಸಹಜವಾಗಿದೆ.

ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ಹಂಪೆಯ ಪ್ರವಾಸವನ್ನು ಕುರಿತದ್ದು. ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’ ಸಂಗೀತಗಾರನೊಬ್ಬನ ಬಾಳನ್ನು ಕುರಿತದ್ದು. ಎರಡೂ ತಮ್ಮನ್ನು ಯಾತ್ರೆಯೆಂದೇ ಕರೆದುಕೊಂಡಿವೆ. ಎರಡು ಪ್ರಕಾರಗಳಿಗೂ ಸಮಾನವಾದ, ಕಲಿಸಲು ಸಾಧ್ಯವಾದ ಶಿಸ್ತೊಂದಿದೆ: ಕಂಡದ್ದು, ಕೇಳಿದ್ದು, ಓದಿದ್ದು ಇವುಗಳನ್ನು ಬೇರ್ಪಡಿಸಿ ನೋಡುವುದು.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳು ಈ ಶಿಸ್ತಿಗೆ ತಕ್ಕ ನೆಲೆಗಳು. 1824ರ ಕಿತ್ತೂರಿನ ಯುದ್ಧವನ್ನು, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಚೆನ್ನಮ್ಮ ತೀರಿಕೊಂಡದ್ದನ್ನು ಇಂದಿನ ಲೇಖಕ ಲಾವಣಿ, ದಾಖಲೆ, ಹಾಳುಗೋಡೆಗಳ ಮೂಲಕವೇ ಅರಿಯಬೇಕು. ರಾಮದುರ್ಗ ಸಂಸ್ಥಾನದ 1939ರ ದಂಗೆ ಬಹುಮಟ್ಟಿಗೆ ಹಿರಿಯರಿಂದ ಕೇಳಿದ ಮಾತಾಗಿದೆ. ಆದರೆ ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಿಂದ ಊರು ಕಳೆದುಕೊಂಡವರು ಕಣ್ಣಾರೆ ಕಂಡದ್ದನ್ನೇ ಹೇಳಬಲ್ಲರು. ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಅಂದಿನ ಯುವಕರು ಇಂದು ವೃದ್ಧರು.

ಈ ಮೂರು ಬಗೆಯ ನೆನಪುಗಳನ್ನೂ ಒಂದೇ ವೀರಾವೇಶದ ಧಾಟಿಯಲ್ಲಿ ಬರೆಸುವ ಕಮ್ಮಟವು ಟಂಕಸಾಲೆಯಾಗಿಯೇ ಉಳಿಯುತ್ತದೆ. ಶಿಬಿರಾರ್ಥಿಯನ್ನು ಮುಳುಗಡೆಯ ಹಿರಿಯರ ಬಳಿಗೆ ಕಳುಹಿಸಿ, ಅವರ ಮಾತನ್ನು ಅವರ ಆಡುನುಡಿಯಲ್ಲೇ ಬರೆದುಕೊಳ್ಳಲು ಹೇಳುವ ಕಮ್ಮಟ ಸಾರ್ಥಕವಾದುದು. ಶೈಲಿಯನ್ನು ಲೇಖಕ ತಾನೇ ಕಂಡುಕೊಳ್ಳಬೇಕು. ಸಾಕ್ಷ್ಯದ ವಿವೇಕವನ್ನು ಮಾತ್ರ ಕಲಿಸಬಹುದು. ಈ ಸೀಮೆಯಲ್ಲಿ ಅದಕ್ಕೆ ಉಳಿದಿರುವ ಕಾಲ ಅಲ್ಪ.