ಕರುಳಿಗೂ ಕರುಣೆಗೂ ನಂಟಿದೆಯೇ?

'ಕರುಳು ಇದ್ದವರಿಗೆ ಕರುಣೆ ಇರುತ್ತದೆ' ಎಂಬುದು ಭಾಷಣಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತು. ಪ್ರಾಸದ ಈ ನಂಟನ್ನೇ ಪದಮೂಲವೆಂದು ನಂಬುವವರೂ ಇದ್ದಾರೆ. ಆದರೆ ಎರಡರ ಹುಟ್ಟು ಬೇರೆ. 'ಮಾಲಾ' ಮಾಲೆಯಾದಂತೆ ಸಂಸ್ಕೃತದ 'ಕರುಣಾ' ಕನ್ನಡದಲ್ಲಿ ಕರುಣೆಯಾಯಿತು. ಕರುಳು ದ್ರಾವಿಡ ಪದ. ಹಳಗನ್ನಡದಲ್ಲಿ ಅದು 'ಕರುಳ್'.

ಹಾಗಾದರೆ ಕರುಳಿಗೆ ಮಮತೆಯ ಅರ್ಥ ಎಲ್ಲಿಂದ ಬಂತು? ಮಲಯಾಳಂನ ಸೋದರಪದ 'ಕರಳ್' ಒಂದು ಸುಳಿವು ಕೊಡುತ್ತದೆ. ಅಲ್ಲಿ ಅದು ಕರುಳಲ್ಲ, ಈಲಿ, ಅಂದರೆ ಯಕೃತ್ತು. ಮನಸ್ಸು, ಹೃದಯ ಎಂಬ ಅರ್ಥವೂ ಅದಕ್ಕಿದೆ. ಪ್ರೀತಿಪಾತ್ರರನ್ನು 'ಕರಳೇ' ಎಂದು ಕರೆಯುವುದುಂಟು. ಘಟ್ಟದ ಈಚೆಗೆ ಒಂದು ಅಂಗ, ಆಚೆಗೆ ಇನ್ನೊಂದು. ಮಮತೆ ಮಾತ್ರ ಎರಡೂ ಕಡೆ ಇದೆ. ಕರುಣೆಯಿಂದ ಸಾಲ ತರಬೇಕಾದ ಅರ್ಥವಲ್ಲ ಇದು. ಗ್ರೀಕರಲ್ಲೂ ಒಡಲೊಳಗಿನ ಅಂಗಗಳನ್ನು ಹೇಳುವ 'ಸ್ಪ್ಲಾಂಖ್ನ' ಪದದಿಂದಲೇ ಮರುಕಪಡು ಎಂಬ ಕ್ರಿಯಾಪದ ಹುಟ್ಟಿತು.

ಈ ಎರಡರ್ಥ ಓದಿನಲ್ಲಿ ಏನು ಮಾಡುತ್ತದೆಂಬುದಕ್ಕೆ ದಂಡಿಗನಹಳ್ಳಿಯವರಿಗೆ ದೂರವಲ್ಲದ ಬೇಲೂರನ್ನೇ ನೋಡಬಹುದು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಹೊರಗೋಡೆಯಲ್ಲಿ ನರಸಿಂಹ ಹಿರಣ್ಯಕಶಿಪುವಿನ ಕರುಳು ಬಗೆಯುತ್ತಿದ್ದಾನೆ. ಸಂಸ್ಕೃತದಲ್ಲಿ ಕಿತ್ತದ್ದು 'ಅಂತ್ರ', ಬರೀ ಒಳಗಿನ ಅಂಗ. ಕನ್ನಡದಲ್ಲಿ ಆ ಕತೆ ಹೇಳುವಾಗ ಇನ್ನೊಂದು ಅರ್ಥ ತಾನಾಗಿ ಸೇರಿಕೊಳ್ಳುತ್ತದೆ. ತನ್ನ ಕರುಳ ಕುಡಿಯನ್ನೇ ಕೊಲ್ಲಹೊರಟವನು, ಕರುಳಿಲ್ಲದ ಅಪ್ಪ. ಅವನ ಒಡಲಿಂದ ಹೊರಬರುವುದು ಕರುಳೇ. ಶಿಲ್ಪಿ ಇದನ್ನು ಉದ್ದೇಶಿಸಿದ್ದನೆಂದು ಹೇಳುತ್ತಿಲ್ಲ. ಕೇಳುಗನ ಭಾಷೆ ಕತೆಗೆ ಕೊಟ್ಟ ಅರ್ಥ ಇದು.

ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಗುಂಡಿಗೆ ಹೃದಯಕ್ಕೆ, ಈಲಿ ಯಕೃತ್ತಿಗೆ ಜಾಗ ಬಿಟ್ಟವು. ಕರುಳು ಬಿಡಲಿಲ್ಲ; ಸಣ್ಣ ಕರುಳು, ದೊಡ್ಡ ಕರುಳು ಎಂದೇ ಉಳಿಯಿತು. ಪರೀಕ್ಷೆಗೆ ಅದರ ಚಿತ್ರ ಬರೆಯುವ ಹುಡುಗಿ ಮನೆಗೆ ಬಂದರೆ ಅದೇ ಪದವನ್ನು ಅಜ್ಜಿಯ ಬಾಯಲ್ಲಿ ಕೇಳುತ್ತಾಳೆ: 'ಮಗೀನ ನೋಡಿ ಕರುಳು ಚುರುಕ್ ಅಂತು.' ಪಾಠದ ಪದವೂ ಸಂಕಟದ ಪದವೂ ಒಂದೇ ಆಗಿರುವುದು ಭಾಷೆಗೆ ಸಣ್ಣ ಸಂಪತ್ತಲ್ಲ. ಅದನ್ನು ಮೆಚ್ಚಲು ಕರುಣೆಯೊಂದಿಗೆ ಸುಳ್ಳು ನೆಂಟಸ್ತಿಕೆ ಕಟ್ಟಬೇಕಾಗಿಲ್ಲ.