ಬೆಂಚಿನ ಮೇಲೆ ಕೂತು ಕಳೆದುಕೊಂಡ ಟ್ರೋಫಿ

2008ರ ಡಿಸೆಂಬರ್‌ನಲ್ಲಿ ಹೈಸ್‌ಮನ್ ಟ್ರೋಫಿಯ ಮತ ಎಣಿಸಿದಾಗ ಮೊದಲ ಸ್ಥಾನದ ಮತ ಅತಿ ಹೆಚ್ಚು ಬಿದ್ದದ್ದು ಫ್ಲಾರಿಡಾದ ಟಿಮ್ ಟೀಬೋಗೆ, 309. ಓಕ್ಲಹೋಮಾದ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ 300, ಟೆಕ್ಸಸ್‌ನ ಕೋಲ್ಟ್ ಮೆಕಾಯ್‌ಗೆ 266. ಆದರೆ ಟ್ರೋಫಿ ಬ್ರ್ಯಾಡ್‌ಫರ್ಡ್ ಪಾಲಾಯಿತು, ಮೆಕಾಯ್ ಎರಡನೆಯವನಾದ, ಟೀಬೋ ಮೂರಕ್ಕೆ ಇಳಿದ. ಇಲ್ಲಿ ಪ್ರತಿ ಮತದಾರನೂ ಮೂರು ಹೆಸರು ಬರೆಯಬೇಕು. ಅವಕ್ಕೆ ಕ್ರಮವಾಗಿ 3, 2, 1 ಅಂಕ. ಎಲ್ಲ ಕೂಡಿದಾಗ 1,726, 1,604, 1,575. ಅಷ್ಟು ಹತ್ತಿರದ ಪೈಪೋಟಿ.

ಅಮೆರಿಕದ ಕಾಲೇಜು ಫುಟ್‌ಬಾಲ್‌ನ ವರ್ಷದ ಶ್ರೇಷ್ಠ ಆಟಗಾರನಿಗೆ 1935ರಿಂದ ಕೊಡುತ್ತಿರುವ ಈ ಗೌರವ ಈಚಿನ ದಶಕಗಳಲ್ಲಿ ಬಹುಪಾಲು ಕ್ವಾರ್ಟರ್‌ಬ್ಯಾಕ್‌ಗಳದೇ ಆಗಿದೆ. ಎಸೆಯುವುದೋ, ಓಟಗಾರನ ಕೈಗೆ ಕೊಡುವುದೋ, ತಾನೇ ಓಡುವುದೋ ಎಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕಾದವನು ಅವನೇ.

ನೋಡುವ ಕಣ್ಣಿಗೆ ಬ್ರ್ಯಾಡ್‌ಫರ್ಡ್ ಆಟದಷ್ಟು ಚೆಂದ ಉಳಿದಿಬ್ಬರದಲ್ಲ. ಓಟಗಾರನಿಗೆ ಚೆಂಡು ಕೊಟ್ಟಂತೆ ಮಾಡಿ, ಎದುರಾಳಿಗಳು ಅತ್ತ ಮುನ್ನುಗ್ಗುತ್ತಿದ್ದಂತೆ ಅವರ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಎಸೆದುಬಿಡುತ್ತಿದ್ದ. ಸಹ ಆಟಗಾರ ಜರ್ಮೇನ್ ಗ್ರೆಷಮ್ ಓಟದ ವೇಗ ತಗ್ಗಿಸದೆಯೇ ಅದನ್ನು ಹಿಡಿಯುತ್ತಿದ್ದ. ಋತು ಮುಗಿದಾಗ ಬ್ರ್ಯಾಡ್‌ಫರ್ಡ್ ಎಸೆದ ಟಚ್‌ಡೌನ್ ಪಾಸ್ (ಗೋಲ್ ಗೆರೆ ದಾಟಿ ಅಂಕ ತರುವ ಎಸೆತ) 50, ಎದುರಾಳಿಗಳ ಕೈಗೆ ಸಿಕ್ಕಿದ್ದು ಎಂಟೇ ಎಂಟು. ಓಕ್ಲಹೋಮಾ ಸತತ ಐದು ಪಂದ್ಯಗಳಲ್ಲಿ 60 ಅಂಕ ದಾಟಿತು. ಓಕ್ಲಹೋಮಾ ಸ್ಟೇಟ್ ಎದುರು ಗೋಲ್ ಗೆರೆಯತ್ತ ಹಾರಿ, ಗಾಳಿಯಲ್ಲೇ ಪಲ್ಟಿ ಹೊಡೆದು ಬಿದ್ದವನು ಮುಂದಿನ ವಾರ ಎಡಗೈಗೆ ಪಟ್ಟಿ ಕಟ್ಟಿಕೊಂಡೇ ಮಿಸೌರಿಯನ್ನು 62–21ರಿಂದ ಮಣಿಸಿದ. ಮೃದು ಮಾತಿನ ಈ ಹುಡುಗನಲ್ಲಿ ಎಂಥ ಗಟ್ಟಿತನವಿತ್ತು ಎಂಬುದಕ್ಕೆ ಇದು ಸಾಕು.

ಹೀಗಿದ್ದೂ ನನ್ನ ಮೊದಲ ಮತ ಮೆಕಾಯ್‌ಗೆ. ಬ್ರ್ಯಾಡ್‌ಫರ್ಡ್ ಮುಂದೆ ದೈತ್ಯರ ಗೋಡೆಯೇ ಇತ್ತು. ಪಕ್ಕದಲ್ಲಿ ಡಿಮಾರ್ಕೊ ಮರ್ರೆ, ಕ್ರಿಸ್ ಬ್ರೌನ್ ಎಂಬ ಇಬ್ಬರು ಓಟಗಾರರು, ಇಬ್ಬರೂ ಆ ವರ್ಷ ಸಾವಿರ ಗಜ ದಾಟಿದವರು. ಟೆಕ್ಸಸ್‌ನಲ್ಲಿ ಅತಿ ಹೆಚ್ಚು ಗಜ ಓಡಿದವನು ಯಾರು? ಮೆಕಾಯ್‌ನೇ, 561. ಎದುರಾಳಿಗಳು ಬೇರೆ ಯಾರಿಗೂ ಹೆದರಬೇಕಿರಲಿಲ್ಲ, ಅವನೊಬ್ಬನನ್ನು ಕಾದರೆ ಸಾಕಿತ್ತು. ಅಂಥದ್ದರಲ್ಲೂ ಅವನ ಪಾಸ್‌ಗಳಲ್ಲಿ ಶೇ 76.7 ಗುರಿ ಮುಟ್ಟಿದವು. ಅಲ್ಲಿಯವರೆಗೆ ಕಾಲೇಜು ಫುಟ್‌ಬಾಲ್ ಕಂಡಿರದ ಪ್ರಮಾಣ ಅದು.

ಇಬ್ಬರೂ ಮುಖಾಮುಖಿಯಾದದ್ದು ಅಕ್ಟೋಬರ್ 11ರಂದು, ಡಲ್ಲಾಸ್‌ನ ಕಾಟನ್ ಬೌಲ್‌ನಲ್ಲಿ. ಅರ್ಧ ಕ್ರೀಡಾಂಗಣ ಕಿತ್ತಳೆ, ಅರ್ಧ ಕಡುಗೆಂಪು. ಬ್ರ್ಯಾಡ್‌ಫರ್ಡ್ ಐದು ಟಚ್‌ಡೌನ್ ಎಸೆದ, ಎರಡು ಸಲ ಚೆಂಡು ಕಳೆದುಕೊಂಡ. ಮೆಕಾಯ್ 35ರಲ್ಲಿ 28 ಪಾಸ್ ಮುಟ್ಟಿಸಿದ. ಟೆಕ್ಸಸ್ 45, ಓಕ್ಲಹೋಮಾ 35. ಮತಪತ್ರ ಬರೆಯಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಆ ಸಾಕ್ಷಿಯನ್ನು ಮಸುಕಾಗಿಸಿದ್ದು ನವೆಂಬರ್ 1ರ ರಾತ್ರಿ. ಲಬಕ್‌ನಲ್ಲಿ ಟೆಕ್ಸಸ್ ಟೆಕ್ ಎದುರು 19–0 ಹಿಂದೆ ಬಿದ್ದಿದ್ದ ತಂಡವನ್ನು ಮೆಕಾಯ್ ಮೇಲೆತ್ತಿ, ಇನ್ನು ಒಂದೂವರೆ ನಿಮಿಷವಷ್ಟೇ ಬಾಕಿ ಇರುವಾಗ 33–32ರ ಮುನ್ನಡೆಗೆ ತಂದಿಟ್ಟ. ಅವನ ಕೆಲಸ ಅಲ್ಲಿಗೆ ಮುಗಿದಿತ್ತು. ಎದುರಾಳಿಯ ಒಂದು ಪಾಸ್ ಚಿಮ್ಮಿ ಟೆಕ್ಸಸ್‌ನ ಬ್ಲೇಕ್ ಗಿಡಿಯನ್ ಕೈಗೇ ಬಂತು. ಹಿಡಿದಿದ್ದರೆ ಪಂದ್ಯ ಮುಗಿಯುತ್ತಿತ್ತು, ಚೆಂಡು ಜಾರಿತು. ಮರು ಎಸೆತದಲ್ಲೇ ಟೆಕ್ಸಸ್ ಟೆಕ್‌ನ ಮೈಕಲ್ ಕ್ರ್ಯಾಬ್‌ಟ್ರೀ ಅಂಚಿನ ಗೆರೆಯ ಬಳಿ ಚೆಂಡು ಹಿಡಿದು, ಮೈಮೇಲೆ ಬಿದ್ದವರನ್ನು ಕೊಡವಿಕೊಂಡು ಒಳನುಗ್ಗಿದಾಗ ಗಡಿಯಾರದಲ್ಲಿ ಒಂದು ಸೆಕೆಂಡ್ ಉಳಿದಿತ್ತು. ಮೆಕಾಯ್ ಮೈದಾನದಾಚೆ ನಿಂತು ನೋಡಬೇಕಾಯಿತು.

ಮುಂದೆ ಓಕ್ಲಹೋಮಾ ಆ ಟೆಕ್ಸಸ್ ಟೆಕ್ ತಂಡವನ್ನು 65–21ರಿಂದ ಬಗ್ಗುಬಡಿಯಿತು. ಹೀಗೆ ಒಬ್ಬರನ್ನೊಬ್ಬರು ಸೋಲಿಸಿದ ಮೂರು ತಂಡಗಳೂ ಸಮಸಮ. ರ‍್ಯಾಂಕಿಂಗ್ ನೋಡಿ ಅವು ಆಡುತ್ತಿದ್ದ ಬಿಗ್ 12 ಲೀಗ್‌ನ ಫೈನಲ್‌ಗೆ ಓಕ್ಲಹೋಮಾವನ್ನು ಕಳಿಸಿದರು. ಬ್ರ್ಯಾಡ್‌ಫರ್ಡ್‌ಗೆ ದೇಶದ ಕಣ್ಣೆದುರು ಇನ್ನೊಂದು ಪಂದ್ಯ ಸಿಕ್ಕಿತು, ಅವನನ್ನು ಸೋಲಿಸಿದವನಿಗೆ ಸಿಗಲಿಲ್ಲ. ನನಗೆ ಇಂದಿಗೂ ಇದು ಅನ್ಯಾಯವೆನಿಸುತ್ತದೆ.

ಟೀಬೋ ವಿಷಯ ಬೇರೆ. 2007ರಲ್ಲೇ ಈ ಟ್ರೋಫಿ ಗೆದ್ದಿದ್ದ, ಎರಡು ಬಾರಿ ಗೆದ್ದವನು ಆರ್ಚಿ ಗ್ರಿಫಿನ್ ಒಬ್ಬನೇ. ಎಡಗೈಯ ದೀರ್ಘ ಬೀಸು ಎಸೆತಗಾರನಿಗೆ ಒಪ್ಪುವಂಥದ್ದಲ್ಲ; ಆದರೆ ಅಲಬಾಮಾ ಎದುರು ಕೊನೆಯ ಕ್ವಾರ್ಟರ್‌ಗೆ 20–17 ಹಿಂದಿದ್ದಾಗ, ಗಾಯಾಳು ಸಹ ಆಟಗಾರ ಪರ್ಸಿ ಹಾರ್ವಿನ್ ಇಲ್ಲದೆಯೂ ಎರಡು ಟಚ್‌ಡೌನ್ ದೊರಕಿಸಿದ ಛಲ ಅಪರೂಪದ್ದು. 2009ರ ಜನವರಿ 8ರಂದು ಮಯಾಮಿಯಲ್ಲಿ ನಡೆದ ರಾಷ್ಟ್ರೀಯ ಫೈನಲ್‌ನಲ್ಲಿ ಫ್ಲಾರಿಡಾ 24–14ರಿಂದ ಓಕ್ಲಹೋಮಾವನ್ನು ಸೋಲಿಸಿತೆಂದು ಅವನನ್ನೇ ಮೇಲಿಡುವವರಿದ್ದಾರೆ. ಅಂದು ಅವನು 109 ಗಜ ಓಡಿದ್ದು ನಿಜ. ಆದರೆ ಎರಡು ಪಾಸ್ ಎದುರಾಳಿಗಳಿಗೆ ಒಪ್ಪಿಸಿದವನೂ ಅವನೇ. ಬ್ರ್ಯಾಡ್‌ಫರ್ಡ್ ಪಡೆಯನ್ನು ಗೋಲ್ ಗೆರೆಯ ಹತ್ತಿರ ಎರಡು ಸಲ ತಡೆದು ಪಂದ್ಯ ಉಳಿಸಿಕೊಟ್ಟದ್ದು ಫ್ಲಾರಿಡಾದ ರಕ್ಷಣಾ ಪಡೆ. ನನ್ನ ಪಟ್ಟಿಯಲ್ಲಿ ಟೀಬೋ ಮೂರನೆಯವನೇ, ಬ್ರ್ಯಾಡ್‌ಫರ್ಡ್ ಎರಡನೆಯವನು.