ಗೊಟಗೋಡಿಯ ವಿಶ್ವವಿದ್ಯಾಲಯ ಮತ್ತು ಸುತ್ತಣ ಸೀಮೆ

ವಿಶ್ವವಿದ್ಯಾಲಯವೆಂದೊಡನೆ ನಮ್ಮ ಜನರ ಕಣ್ಣ ಮುಂದೆ ನಿಲ್ಲುವುದು ಮೈಸೂರು, ಧಾರವಾಡಗಳಂತಹ ನಗರಗಳೇ ಹೊರತು ಹಳ್ಳಿಯಲ್ಲ. ಹಳ್ಳಿಯವನು ವಿದ್ಯೆಗಾಗಿ ಊರು ಬಿಡಬೇಕು, ಊರು ಬಿಟ್ಟವನು ಮರಳಬಾರದು ಎಂಬುದು ಒಂದು ಅಲಿಖಿತ ನಿಯಮದಂತೆ ನಡೆದುಬಂದಿದೆ. ಈ ನಿಯಮವನ್ನು ಮುರಿಯುವ ಭರವಸೆಯೊಂದಿಗೆ ಹುಟ್ಟಿದ ಸಂಸ್ಥೆಗಳಲ್ಲಿ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿರುವ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಒಂದು. 2011ರಲ್ಲಿ ಸ್ಥಾಪನೆಗೊಂಡ, ಜಾನಪದಕ್ಕೆಂದೇ ಮೀಸಲಾದ ಈ ಸಣ್ಣ ಸರ್ಕಾರಿ ವಿಶ್ವವಿದ್ಯಾಲಯವನ್ನು ಕುರಿತು ವಾಚಕರೊಂದಿಗೆ ಕೆಲವು ಮಾತುಗಳನ್ನು ಹಂಚಿಕೊಳ್ಳಬೇಕೆನಿಸಿದೆ. ವಿಮರ್ಶೆಯೆಂದರೆ ನಿಂದೆಯಲ್ಲ, ನಮ್ಮದೆಂದು ತಿಳಿದ ವಸ್ತುವನ್ನು ಒರೆಗೆ ಹಚ್ಚಿ ನೋಡುವುದು. ಆ ಒರೆಗಲ್ಲಿಗೆ ನಮ್ಮನ್ನೂ ಹಚ್ಚಿಕೊಳ್ಳಬೇಕಾದೀತೆಂಬ ಎಚ್ಚರದಿಂದಲೇ ಇದನ್ನು ಬರೆಯುತ್ತಿದ್ದೇವೆ.

ಸ್ಥಳದ ಆಯ್ಕೆಯನ್ನು ಯಾರೂ ಆಕ್ಷೇಪಿಸಲಾರರು. ಅದೇ ತಾಲೂಕಿನ ಬಾಡ ಕನಕದಾಸರ ಜನ್ಮಸ್ಥಳ. ಅದೇ ತಾಲೂಕಿನ ಶಿಶುನಾಳದಲ್ಲಿ ಶರೀಫ ಸಾಹೇಬರು 1819ರಿಂದ 1889ರ ವರೆಗೆ ಬಾಳಿ, ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದು, ಹೊಲ-ಮನೆ-ಸಂತೆಗಳ ಮಾತಿನಲ್ಲಿಯೇ ತತ್ತ್ವವನ್ನು ಹಾಡಿದರು. ಪಕ್ಕದ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಅಂಧ ಬಾಲಕನೊಬ್ಬ ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಸಂಗೀತ ಕಲಿತು ಪಂಚಾಕ್ಷರ ಗವಾಯಿಗಳೆಂದು ನಾಡಿಗೇ ಗುರುವಾದುದನ್ನು ವಾಚಕರು ಬಲ್ಲರು. ಡೊಳ್ಳು, ಪುರವಂತಿಕೆ, ಗೀಗೀ ಪದ, ದೊಡ್ಡಾಟ, ಭಜನೆಗಳು ಈ ಸೀಮೆಯಲ್ಲಿ ಯಾವ ಅನುದಾನವನ್ನೂ ಕಾಯದೆ ಬೆಳೆದವು. ಎಂದರೆ, ವಿಶ್ವವಿದ್ಯಾಲಯವು ಇಲ್ಲಿಗೆ ವಿದ್ಯೆಯನ್ನು ತಂದುದಲ್ಲ. ವಿದ್ಯೆಯಿದ್ದಲ್ಲಿಗೆ ತಾನು ಬಂದಿತು. ಮೊದಲು ಮನದಟ್ಟಾಗಬೇಕಾದ ಸಂಗತಿ ಇದೇ.

ಜಾನಪದದ ಅಧ್ಯಯನವೂ ನಮ್ಮಲ್ಲಿ ವಿಶ್ವವಿದ್ಯಾಲಯಗಳಿಂದ ಆರಂಭವಾಗಲಿಲ್ಲ. 1931ರಲ್ಲಿ 'ಗರತಿಯ ಹಾಡು' ಪ್ರಕಟವಾದಾಗ ಅದರ ಹಿಂದೆ ಇದ್ದವರು ಹಲಸಂಗಿಯೆಂಬ ಹಳ್ಳಿಯ ಗೆಳೆಯರು. ಅವರು ಹಾಡು ಕೇಳಿದ್ದು ಪರಕೀಯರಿಂದಲ್ಲ. ತಮ್ಮ ಸೀಮೆಯ ತಾಯಂದಿರಿಂದ, ಅಕ್ಕತಂಗಿಯರಿಂದ. ಮುಂದೆ ಜಾನಪದ ವಿಶ್ವವಿದ್ಯಾಲಯಗಳನ್ನು ಪ್ರವೇಶಿಸಿತು, ಶಾಸ್ತ್ರವಾಯಿತು. ವರ್ಗೀಕರಣ, ವಿಶ್ಲೇಷಣೆ, ಪಾಠಾಂತರಗಳ ತುಲನೆ ಬಂದವು. ಇವುಗಳ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಶಾಸ್ತ್ರದ ಜೊತೆಗೇ ಒಂದು ದೂರವೂ ಬಂದಿತು. ಹಾಡುವ ತಾಯಿ 'ವಕ್ತೃ'ವಾದಳು, ಬರೆದುಕೊಂಡವನು ವಿದ್ವಾಂಸನಾದನು.

ಈ ದೂರವನ್ನು ನಾವು ಅನ್ಯರ ಮೇಲೆ ಹೊರಿಸುತ್ತಿಲ್ಲ. ತಾರುಣ್ಯದಲ್ಲಿ ಸಂಶೋಧನೆಗೆಂದು ಟೇಪ್ ರೆಕಾರ್ಡರ್ ಹಿಡಿದು ಹಳ್ಳಿಗಳಲ್ಲಿ ತಿರುಗುತ್ತಿದ್ದ ದಿನಗಳಲ್ಲಿ ವೃದ್ಧೆಯೊಬ್ಬಳು ಮೂರು ರಾತ್ರಿ ಕುಳಿತು ನಮಗೆ ಬೀಸುವ ಪದಗಳನ್ನು ಹೇಳಿದಳು. ಹೊರಡುವಾಗ ಆಕೆ ಕೇಳಿದ್ದು ಒಂದೇ ಮಾತು: "ಅಪ್ಪಾರ, ಬುಕ್ಕ ಆದಮ್ಯಾಲೆ ಒಂದ್ಸಲ ತಂದು ಓದಿ ತೋರಸ್ರಿ. ಎಲ್ಲೆ ತಪ್ಪೈತಿ ನಾ ಹೇಳತೀನಿ." ನಾವು ಹೂಂ ಎಂದು ತಲೆಯಾಡಿಸಿ ಬಂದೆವು. ಪ್ರಬಂಧ ಮುಗಿಯಿತು, ಪದವಿ ದೊರೆಯಿತು, ಪೀಠದ ಜವಾಬ್ದಾರಿ ಹೆಗಲೇರಿತು. ಕೆಲವು ವರ್ಷಗಳ ತರುವಾಯ ಆ ಊರಿಗೆ ಹೋದಾಗ ಆಕೆ ಇರಲಿಲ್ಲ. ನಮ್ಮ ಪ್ರಬಂಧದ ಅನುಬಂಧದಲ್ಲಿ ಆಕೆಯ ಹೆಸರು, ವಯಸ್ಸು, 'ನಿರಕ್ಷರಿ' ಎಂಬ ಷರಾ ಇಂದಿಗೂ ಇವೆ. ಪರೀಕ್ಷಕರಿಬ್ಬರು ಒಪ್ಪಿದ ಆ ಪ್ರಬಂಧವನ್ನು ತಿದ್ದಬಲ್ಲ ಅಧಿಕಾರವುಳ್ಳ ಮೂರನೆಯ ಪರೀಕ್ಷಕಳು ಆಕೆಯಾಗಿದ್ದಳು. ಅವಳ ಬಳಿಗೆ ಅದು ಹೋಗಲೇ ಇಲ್ಲ.

ಆದುದರಿಂದ ಗೊಟಗೋಡಿಯ ವಿಶ್ವವಿದ್ಯಾಲಯವನ್ನು ಅಳೆಯಲು ನಾವು ಬಳಸುವ ಮೊದಲ ಅಳತೆಗೋಲು ಕಟ್ಟಡಗಳ ಸಂಖ್ಯೆಯಲ್ಲ, ಪ್ರಕಟಣೆಗಳ ಪಟ್ಟಿಯೂ ಅಲ್ಲ. ಸುತ್ತಣ ಹಳ್ಳಿಯವರಿಗೆ ಅಲ್ಲಿ ತಿದ್ದುವ ಅಧಿಕಾರವಿದೆಯೇ ಎಂಬುದು. ಅದೇ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ್ ರಾಕ್ ಗಾರ್ಡನ್ ಇದೆ. ಹಳ್ಳಿಯ ಬದುಕನ್ನು, ಕಸುಬುಗಳನ್ನು ಆಳೆತ್ತರದ ಶಿಲ್ಪಗಳಲ್ಲಿ ಕಂಡು ಪ್ರವಾಸಿಗರು ಸಂತೋಷಪಡುತ್ತಾರೆ. ಶಿಲ್ಪಿಯ ಕೆಲಸ ಅದು, ಶ್ಲಾಘ್ಯವಾದುದು. ಆದರೆ ಶಿಲ್ಪವು ನೋಡಲು ಬಂದವನನ್ನು ಮರುಪ್ರಶ್ನಿಸುವುದಿಲ್ಲ. ಜೀವಂತ ಕಂಬಾರ, ಕೌದಿ ಹೊಲಿಯುವ ತಾಯಿ, ಪುರವಂತ ಪ್ರಶ್ನಿಸುತ್ತಾರೆ. ಆ ಪ್ರಶ್ನೆಯನ್ನು ಕೇಳಿಸಿಕೊಳ್ಳುವ ಜಾಗವೇ ವಿಶ್ವವಿದ್ಯಾಲಯ. ಅದು ಕೇಳಿಸಿಕೊಳ್ಳದೆ ಹೋದರೆ ಇನ್ನೊಂದು ವಸ್ತುಸಂಗ್ರಹಾಲಯವಾದೀತು.

ಇದಕ್ಕೆ ಮಾರ್ಗವಿಲ್ಲವೆಂದೇನೂ ಅಲ್ಲ. ನಿಯಮಿತ ಪದವಿಗಳಿಲ್ಲದಿದ್ದರೂ ದೀರ್ಘಾನುಭವವುಳ್ಳವರನ್ನು ಪ್ರಾಧ್ಯಾಪಕರ ಸ್ಥಾನದಲ್ಲಿ ನೇಮಿಸಿಕೊಳ್ಳಲು ವಿಶ್ವವಿದ್ಯಾಲಯ ಧನಸಹಾಯ ಆಯೋಗವೇ 2022ರಲ್ಲಿ ದಾರಿ ತೆರೆದಿದೆ. ಆ ದಾರಿಯಲ್ಲಿ ಮೊದಲು ನಡೆಯಬೇಕಾದದ್ದು ಜಾನಪದ ವಿಶ್ವವಿದ್ಯಾಲಯವಲ್ಲದೆ ಮತ್ತಾವುದು? ಹಾಡುಗಾರರ ಹಕ್ಕನ್ನು 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿ ಮಾನ್ಯ ಮಾಡಿದೆ. ಧ್ವನಿಮುದ್ರಣಕ್ಕೆ ಮುನ್ನ ಆ ಹಕ್ಕನ್ನು ಹಾಡುವವರಿಗೆ ಅವರ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯುವ ಪದ್ಧತಿ ಪ್ರತಿಯೊಬ್ಬ ಸಂಶೋಧಕನಿಗೂ ಕಡ್ಡಾಯವಾಗಬೇಕು. ಸಂಗ್ರಹಿಸಿದುದರ ಒಂದು ಪ್ರತಿ ಆಯಾ ಊರಿನ ಗ್ರಂಥಾಲಯದಲ್ಲಿರಬೇಕು. ಅಚ್ಚಿಗೆ ಹೋಗುವ ಮುನ್ನ ಹಸ್ತಪ್ರತಿಯನ್ನು ಹೇಳಿದವರ ಮುಂದೆ ಓದಬೇಕು. ಇವಾವುದಕ್ಕೂ ಕೋಟಿಗಳು ಬೇಕಾಗಿಲ್ಲ.

ಎರಡನೆಯ ಅಳತೆಗೋಲು ವಿದ್ಯಾರ್ಥಿಯದು. ಇಂತಹ ವಿಶ್ವವಿದ್ಯಾಲಯಕ್ಕೆ ಬರುವವರು ಬಹುಮಟ್ಟಿಗೆ ಒಕ್ಕಲು ಮಕ್ಕಳು, ಕೂಲಿಕಾರರ ಮಕ್ಕಳು. ಅನೇಕರು ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಸ್ನಾತಕೋತ್ತರ ತರಗತಿಯ ಮೆಟ್ಟಿಲೇರಿದವರು. ಧಾರವಾಡದಲ್ಲಿ ಕೋಣೆ ಹಿಡಿಯುವ ಶಕ್ತಿಯಿಲ್ಲದ, ದೂರದ ಊರಿಗೆ ಮನೆಯವರು ಕಳಿಸದ ಹೆಣ್ಣುಮಗಳಿಗೆ ಹತ್ತಿರದ ವಿಶ್ವವಿದ್ಯಾಲಯವು ಎರಡನೆಯ ಆಯ್ಕೆಯಲ್ಲ, ಇರುವ ಒಂದೇ ಆಯ್ಕೆ. ಆಕೆ ಕೇಳುತ್ತಾಳೆ: ಜಾನಪದ ಓದಿದರೆ ಮುಂದೇನು? ಶಾಲೆ, ಕಾಲೇಜುಗಳಲ್ಲಿ ಜಾನಪದಕ್ಕೆ ಪ್ರತ್ಯೇಕ ಹುದ್ದೆಗಳು ತೀರ ವಿರಳ. ಸಂಸ್ಕೃತಿಯ ಹಿರಿಮೆಯನ್ನು ಹೇಳಿ ಈ ಪ್ರಶ್ನೆಯ ಬಾಯಿ ಮುಚ್ಚಿಸಬಾರದು. ಬಿತ್ತನೆಯ ಬೀಜ, ಮನೆಮದ್ದು, ಕೌದಿ, ಚರ್ಮವಾದ್ಯ, ಕೃಷಿಯ ಲೆಕ್ಕಾಚಾರ, ಇವೆಲ್ಲ ಜಾನಪದದ ವ್ಯಾಪ್ತಿಯವೇ. ಡೊಳ್ಳಿನ ಹಾಡನ್ನು ವಿಶ್ಲೇಷಿಸಬಲ್ಲ ವಿದ್ಯಾರ್ಥಿಗೆ ಡೊಳ್ಳನ್ನು ಬಿಗಿಯುವ ಕೈಯೂ ಇದ್ದರೆ ಅವನ ಪಾಂಡಿತ್ಯಕ್ಕೆ ಕುಂದಿಲ್ಲ.

ಸರ್ಕಾರದ ನಡೆಯ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ, ಎಲ್ಲರೂ ಕಂಡುದೇ. ಅಡಿಗಲ್ಲಿನ ದಿನ ಇರುವ ಉತ್ಸಾಹ ಅನುದಾನದ ದಿನ ಇರುವುದಿಲ್ಲ. 2023ರಲ್ಲಿ ರಾಜ್ಯದಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳು ಆರಂಭವಾದವು. ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದ್ದ ಕೆರಿಮತ್ತಿಹಳ್ಳಿಯಲ್ಲಿ ಹಾವೇರಿ ವಿಶ್ವವಿದ್ಯಾಲಯವೂ ಹುಟ್ಟಿತು. ಎರಡೇ ವರ್ಷಗಳಲ್ಲಿ, 2025ರಲ್ಲಿ, ಹಣವಿಲ್ಲವೆಂಬ ಕಾರಣ ಮುಂದಿಟ್ಟು ಇಂತಹ ಒಂಬತ್ತು ಸಂಸ್ಥೆಗಳನ್ನು ಮುಚ್ಚುವ ಅಥವಾ ವಿಲೀನಗೊಳಿಸುವ ಮಾತು ಸರ್ಕಾರದ ಮಟ್ಟದಲ್ಲಿಯೇ ನಡೆಯಿತು. ಹಾವೇರಿಯ ಹೆಸರೂ ಅದರಲ್ಲಿತ್ತು. ಹುಟ್ಟಿಸುವಾಗ ಆಲೋಚಿಸದವರು ಮುಚ್ಚುವಾಗಲಾದರೂ ಆಲೋಚಿಸಬೇಕು. ಒಂದು ಜಿಲ್ಲೆಯ ಎರಡು ಬಡ ಸಂಸ್ಥೆಗಳು ಗ್ರಂಥಾಲಯವನ್ನೂ ಅಧ್ಯಾಪಕರನ್ನೂ ಹಂಚಿಕೊಂಡು ಬದುಕಬಹುದೇ ಎಂಬುದು ಮೊದಲು ವಿಚಾರವಾಗಬೇಕಾದ ಮಾತು.

ಕೊನೆಯದಾಗಿ ನಮ್ಮ ಸೀಮೆಯ, ನಮ್ಮ ಮಠಗಳ ಪಾಲು. ಹತ್ತಿರದ ವಿಶ್ವವಿದ್ಯಾಲಯವನ್ನು ನಾವೆಲ್ಲ ಏನೆಂದು ಬಗೆದಿದ್ದೇವೆ? ಬಂಧುವೊಬ್ಬನಿಗೆ ನೌಕರಿ ದೊರೆಯುವ ತಾಣವೆಂದೇ? ಯಾವ ಸಮಾಜಕ್ಕೆ ಎಷ್ಟು ಹುದ್ದೆ ಬಂದವೆಂದು ಎಣಿಸುವ ಪಟ್ಟಿಯೆಂದೇ? ಸಂಸ್ಥೆಯ ಬಾಗಿಲಿಗೆ ಶಿಫಾರಸು ಪತ್ರ ಹಿಡಿದು ಹೋದವರೆಷ್ಟು ಮಂದಿ, ಅದರ ಗ್ರಂಥಾಲಯಕ್ಕೆ ಒಂದು ಹಳೆಯ ಕಟ್ಟು ಹಿಡಿದು ಹೋದವರೆಷ್ಟು ಮಂದಿ? ಮಠಗಳ ಜಾತ್ರೆಯಲ್ಲಿ ಪುರವಂತರು, ಡೊಳ್ಳಿನವರು ಬಿಸಿಲಲ್ಲಿ ಪಲ್ಲಕ್ಕಿಯ ಮುಂದೆ ತಾಸುಗಟ್ಟಲೆ ಕುಣಿಯುತ್ತಾರೆ. ಆಮಂತ್ರಣ ಪತ್ರಿಕೆಯಲ್ಲಿ ದಾನಿಗಳ ಹೆಸರು, ಅತಿಥಿಗಳ ಹೆಸರು, ನಮ್ಮ ಬಿರುದುಗಳು ತುಂಬಿರುತ್ತವೆ. ಕುಣಿದವರು 'ವಿವಿಧ ವಾದ್ಯಮೇಳಗಳು' ಎಂಬ ಎರಡು ಶಬ್ದಗಳಲ್ಲಿ ಮುಗಿದುಹೋಗುತ್ತಾರೆ. ವಿದ್ವಾಂಸನು ವಕ್ತೃವಿಗೆ ಮಾಡಿದ ಅನ್ಯಾಯವನ್ನೇ ನಾವು ಭಕ್ತಿಯ ಹೆಸರಿನಲ್ಲಿ ಮಾಡುತ್ತಿದ್ದೇವೆ. ಇದನ್ನು ತಿದ್ದಿಕೊಳ್ಳದೆ ವಿಶ್ವವಿದ್ಯಾಲಯಕ್ಕೆ ಬುದ್ಧಿ ಹೇಳುವ ನೈತಿಕ ಅಧಿಕಾರ ನಮಗಿಲ್ಲ. ಬರುವ ಜಾತ್ರೆಯ ಪತ್ರಿಕೆಯಲ್ಲಿ ಪ್ರತಿಯೊಬ್ಬ ಕಲಾವಿದನ ಹೆಸರು, ಊರು ಅಚ್ಚಾಗಬೇಕೆಂದು ನಮ್ಮ ಮಠದಲ್ಲಿ ನಿಶ್ಚಯಿಸಿದ್ದೇವೆ. ಅಲ್ಪ ಕೆಲಸ, ಬಹಳ ತಡವಾಗಿ ಮಾಡುತ್ತಿರುವ ಕೆಲಸ.

ವಾಚಕರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಹಾಡು ಬಲ್ಲ, ಕಸುಬು ಬಲ್ಲ ಹಿರಿಯರಿದ್ದರೆ ಅವರನ್ನು ಒಮ್ಮೆ ಗೊಟಗೋಡಿಗೆ ಕರೆದೊಯ್ಯಿರಿ. ಅಲ್ಲಿಯ ಪುಸ್ತಕವೊಂದನ್ನು ಅವರ ಮುಂದೆ ಓದಿಸಿರಿ. ಅವರು ತಪ್ಪು ತೋರಿಸಿದರೆ ಅಧ್ಯಾಪಕರು ಪೆನ್ನು ತೆಗೆದು ಬರೆದುಕೊಳ್ಳುವರೇ ನೋಡಿರಿ. ಬರೆದುಕೊಂಡರೆ ಆ ವಿಶ್ವವಿದ್ಯಾಲಯವು ನಮ್ಮದಾಯಿತು. ಅದನ್ನು ಮುಚ್ಚುವ ಮಾತು ಬಂದ ದಿನ ಸುತ್ತಣ ಹಳ್ಳಿಗಳೇ ಅದರ ಬೆನ್ನಿಗೆ ನಿಲ್ಲುವವು. ಹಾಗೆ ಆಗಲೆಂದು ಹಾರೈಸುತ್ತೇವೆ.